ಫ್ಯಾಮಿಲಿ ಪ್ಲಾನ್‌ನಿಂದ ಒಂದು ನಂಬರನ್ನು ಮಾತ್ರ ಹೊರಗೆ ತೆಗೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಪ್ಪನ ಹೆಸರಿನಲ್ಲಿ ಒಂದು ಪೋಸ್ಟ್‌ಪೇಯ್ಡ್ ಪ್ಲಾನ್, ಅದರ ಕೆಳಗೆ ಅಮ್ಮ, ಮಗಳು, ಮಗ. ಮಂಗಳೂರು, ಉಡುಪಿ ಕಡೆಯ ತುಂಬಾ ಮನೆಗಳಲ್ಲಿ ಇದೇ ಏರ್ಪಾಡು. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಮಗ ದುಬೈಗೆ ಹೊರಡುತ್ತಾನೆ, ಅಥವಾ ಯಾರಿಗೋ ಮದುವೆಯಾಗುತ್ತದೆ. ಆಗ ಒಂದು ನಂಬರ್ ಮಾತ್ರ ಈ ಗುಂಪಿನಿಂದ ಹೊರಗೆ ಬರಬೇಕಾಗುತ್ತದೆ.

ಕೇಳುವುದಕ್ಕೆ ಸಣ್ಣ ಕೆಲಸ. ಆದರೆ ಜಾಸ್ತಿ ಜನ ಎಡವುವುದು ಇಲ್ಲೇ. ಪೋರ್ಟ್ (ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವುದು) ಮೆಸೇಜ್ ಕಳಿಸುತ್ತಾರೆ, ಆಗುವುದಿಲ್ಲ ಎಂದು ಉತ್ತರ ಬರುತ್ತದೆ. ಸಿಮ್ ಬದಲಾಯಿಸಿ ಮತ್ತೆ ಕಳಿಸುತ್ತಾರೆ, ಮತ್ತೆ ಅದೇ ಉತ್ತರ. ಕೆಲವರಂತೂ ಸ್ಟೋರ್‌ಗೆ ಹೋಗಿ "ಈ ನಂಬರ್ ತೆಗೆದುಬಿಡಿ" ಎಂದು ಹೇಳಿ, ನಂಬರನ್ನೇ ಕಳೆದುಕೊಂಡಿದ್ದಾರೆ. ಹೆಚ್ಚಿನ ಸಲ ತಪ್ಪು ಇರುವುದು ಕ್ರಮದಲ್ಲಿ. ಮೊದಲು ಹೆಸರು ನೋಡಬೇಕು, ಆಮೇಲೆ ಬಾಕಿ ಬಿಲ್, ಆಮೇಲೆ ಹೆಸರಿನ ವರ್ಗಾವಣೆ, ಕೊನೆಗೆ ಬೇರ್ಪಡಿಸುವುದು ಅಥವಾ ಪೋರ್ಟ್. ಇದನ್ನು ಹಿಂದುಮುಂದು ಮಾಡಿದರೆ ಪ್ರತಿ ಹೆಜ್ಜೆಯಲ್ಲೂ ಸಿಕ್ಕಿಹಾಕಿಕೊಳ್ಳುತ್ತೀರಿ.

## ಮೊದಲೇ ಜೋಡಿಸಿಟ್ಟುಕೊಳ್ಳಿ

- ಪ್ಲಾನ್ ಯಾರ ಹೆಸರಿನಲ್ಲಿದೆಯೋ ಅವರ ಆಧಾರ್, ನಂಬರ್ ಬಳಸುವವರ ಆಧಾರ್
- ಇತ್ತೀಚಿನ ಬಿಲ್ಲಿನ ಪಿಡಿಎಫ್, ಹಣ ಕಟ್ಟಿದ ರಸೀದಿ
- ಹೊರಗೆ ಬರಬೇಕಾದ ಸಿಮ್, ಕೆಲಸ ಮಾಡುವ ಸ್ಥಿತಿಯಲ್ಲಿ
- ಒಟಿಪಿ ಬರಲು ಇನ್ನೊಂದು ನಂಬರ್ ಇರುವ ಫೋನ್

ಈ ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. 2024ರ ಜನವರಿಯಿಂದ ಕಾಗದದ ಕೆವೈಸಿ, ಅಂದರೆ ಕಾಗದದಲ್ಲಿ ಗುರುತು ಪರಿಶೀಲಿಸುವುದು, ನಿಂತಿದೆ. ಸ್ಟೋರ್‌ನಲ್ಲಿ ಅಲ್ಲೇ ಫೋಟೋ ತೆಗೆದು, ಒಟಿಪಿ ಕೇಳಿ, ಡಿಜಿಟಲ್ ಆಗಿ ಮಾಡುತ್ತಾರೆ. ಹಾಗಾಗಿ ನಂಬರ್ ಯಾರ ಹೆಸರಿಗೆ ಹೋಗಬೇಕೋ ಅವರೇ ಬರಬೇಕು. ಆಧಾರ್ ಜೆರಾಕ್ಸ್ ಕೊಟ್ಟು ಬೇರೆಯವರನ್ನು ಕಳಿಸಿದರೆ ಸುಮ್ನೆ ಒಂದು ಓಡಾಟ ವ್ಯರ್ಥ.

ಇನ್ನೊಂದು ಮಾತು. ಬಸ್ ಸ್ಟ್ಯಾಂಡ್ ಹತ್ತಿರದ ರೀಚಾರ್ಜ್ ಅಂಗಡಿಯಲ್ಲಿ ಹೊಸ ಸಿಮ್ ಸಿಗಬಹುದು, ಪೋರ್ಟ್ ಕೂಡ ಆಗಬಹುದು. ಆದರೆ ಹೆಸರು ಬದಲಾಯಿಸುವುದಕ್ಕೆ, ಫ್ಯಾಮಿಲಿ ಖಾತೆ ಒಡೆಯುವುದಕ್ಕೆ ಕಂಪನಿಯ ಸ್ವಂತ ಸ್ಟೋರ್‌ಗೇ ಹೋಗಿ. ಬೈಂದೂರು, ಸುಳ್ಯದ ಕಡೆಯಿಂದ ಬರುವವರು ಹೊರಡುವ ಮೊದಲು ಫೋನ್ ಮಾಡಿ, ಆ ಸ್ಟೋರ್‌ನಲ್ಲಿ ಈ ಕೆಲಸ ಆಗುತ್ತದಾ ಎಂದು ಖಚಿತ ಮಾಡಿಕೊಳ್ಳಿ.

## ಹಂತ 1: ನಂಬರ್ ಯಾರ ಹೆಸರಿನಲ್ಲಿದೆ ಎಂದು ನೋಡಿ

"ಮಗಳು ಬಳಸುವ ನಂಬರ್, ಮಗಳದೇ ಅಲ್ವಾ?" ಅಲ್ಲದೇ ಇರಬಹುದು. ಫ್ಯಾಮಿಲಿ ಪ್ಲಾನ್‌ಗೆ ಸೇರಿಸಿದ ನಂಬರ್‌ಗಳು ಬಹಳಷ್ಟು ಸಲ ಅಪ್ಪನ ಆಧಾರ್ ಮೇಲೆಯೇ ಇರುತ್ತವೆ. ಬಳಸುವವರು ಒಬ್ಬರು, ದಾಖಲೆಯಲ್ಲಿ ಮಾಲೀಕರು ಇನ್ನೊಬ್ಬರು.

ಪರೀಕ್ಷಿಸುವುದು ಸುಲಭ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಅಪ್ಪನ ನಂಬರ್ ಹಾಕಿ, ಒಟಿಪಿ ಕೊಟ್ಟು ಒಳಗೆ ಹೋಗಿ. ಅವರ ಹೆಸರಿನಲ್ಲಿರುವ ಮೊಬೈಲ್ ನಂಬರ್‌ಗಳ ಪಟ್ಟಿ ಬರುತ್ತದೆ. ಮಗಳ ನಂಬರ್ ಅದರಲ್ಲಿ ಕಂಡರೆ ಅದು ಅಪ್ಪನ ಹೆಸರಿನಲ್ಲಿದೆ. ನಂಬರ್ ಪೂರ್ತಿ ಕಾಣದಿದ್ದರೆ ಕಾಣುವ ಅಂಕಿಗಳನ್ನು ಹೊಂದಿಸಿ ನೋಡಿ.

ಎಚ್ಚರಿಕೆ: ಆ ಪಟ್ಟಿಯಲ್ಲಿ ಪ್ರತಿ ನಂಬರ್‌ಗೂ "ನನ್ನ ನಂಬರ್ ಅಲ್ಲ", "ಬೇಡ" ಎಂಬ ಅರ್ಥದ ಆಯ್ಕೆಗಳಿರುತ್ತವೆ. ಮಗಳ ನಂಬರ್ ಮುಂದೆ ಅವನ್ನು ಒತ್ತಬೇಡಿ. ಅದು ಪ್ಲಾನ್‌ನಿಂದ ತೆಗೆಯುವ ಗುಂಡಿ ಅಲ್ಲ, ನಂಬರನ್ನೇ ಮುಚ್ಚಿಸುವ ದಾರಿ. ಇಲ್ಲಿ ನೋಡುವುದಷ್ಟೇ ನಮ್ಮ ಕೆಲಸ.

ಇದೇ ಪಟ್ಟಿಯಲ್ಲಿ ಇನ್ನೊಂದು ವಿಷಯವೂ ತಿಳಿಯುತ್ತದೆ. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಿನಲ್ಲಿ 9 ಸಿಮ್‌ಗಳಿಗಿಂತ ಜಾಸ್ತಿ ಇರುವಂತಿಲ್ಲ. ಮನೆಯವರಿಗೆಲ್ಲ ಒಂದೇ ಆಧಾರ್ ಮೇಲೆ ಸಿಮ್ ತೆಗೆದುಕೊಟ್ಟ ಹಿರಿಯರು ಈ ಗಡಿಯ ಹತ್ತಿರ ಬಂದಿರಬಹುದು.

## ಹಂತ 2: ಹೊರಗೆ ಹೋಗುವುದು ಮುಖ್ಯ ನಂಬರಾ?

ಬಿಲ್ಲಿನಲ್ಲಿ ಒಂದು ನಂಬರ್ ಮುಖ್ಯ, ಉಳಿದವು ಅದಕ್ಕೆ ಸೇರಿಸಿದವು. ಸೇರಿಸಿದ ನಂಬರ್ ಹೊರಗೆ ಹೋದರೆ ಉಳಿದವರಿಗೆ ತೊಂದರೆ ಇಲ್ಲ. ಮುಖ್ಯ ನಂಬರ್ ಹೋದರೆ ಇಡೀ ಏರ್ಪಾಡು ಅಲುಗಾಡುತ್ತದೆ. ಹಾಗಿದ್ದರೆ ಮೊದಲು ಸ್ಟೋರ್‌ನಲ್ಲಿ ಇನ್ನೊಂದು ನಂಬರನ್ನು ಮುಖ್ಯ ಮಾಡಿಸಿ. ಆ ಬದಲಾವಣೆ ಬಿಲ್ಲಿನಲ್ಲಿ ಕಾಣಿಸಿಕೊಂಡ ಮೇಲೆ ಮುಂದಿನ ಹಂತಕ್ಕೆ ಬನ್ನಿ.

ಮನೆಯ ಫೈಬರ್ ಇಂಟರ್ನೆಟ್, ಡಿಟಿಎಚ್ ಎಲ್ಲ ಸೇರಿ ಒಂದೇ ಬಿಲ್ ಬರುತ್ತಿದ್ದರೆ ಅದನ್ನೂ ಈಗಲೇ ಕೇಳಿಕೊಳ್ಳಿ. ಒಂದು ನಂಬರ್ ಹೊರಗೆ ಹೋದರೆ ಆ ಒಟ್ಟು ಪ್ಯಾಕ್ ಮುಂದುವರಿಯುತ್ತದಾ, ರಿಯಾಯಿತಿ ಉಳಿಯುತ್ತದಾ ಎಂದು.

## ಹಂತ 3: ನಂಬರ್ ಎಲ್ಲಿಗೆ ಹೋಗಬೇಕು?

ದಾರಿ ಮೂರಿವೆ. ಅದೇ ಕಂಪನಿಯಲ್ಲಿ ಸ್ವಂತ ಪೋಸ್ಟ್‌ಪೇಯ್ಡ್. ಅದೇ ಕಂಪನಿಯಲ್ಲಿ ಪ್ರಿಪೇಯ್ಡ್. ಅಥವಾ ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಪೋರ್ಟ್. ಈಗಿನ ಕಂಪನಿಯ ಸಿಗ್ನಲ್ ಚೆನ್ನಾಗಿದ್ದರೆ ಮೊದಲ ಎರಡೇ ವಾಸಿ. ಗಲಾಟೆ ಕಡಿಮೆ, ಸಿಮ್ ಬದಲಾಯಿಸುವ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ.

ಪೋರ್ಟ್ ಮಾಡುವುದಾದರೆ ಸಿಗ್ನಲ್ ನೋಡದೆ ಹೆಜ್ಜೆ ಇಡಬೇಡಿ. ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಪೂರ್ತಿ ಕಡ್ಡಿ ಬರುವ ನೆಟ್‌ವರ್ಕ್, ಬೆಳ್ತಂಗಡಿಯ ಒಳಗಿನ ಮನೆಯಲ್ಲಿ, ಕೊಲ್ಲೂರಿನ ಆಚೆ ಗುಡ್ಡದ ಮಗ್ಗುಲಲ್ಲಿ ಸತ್ತೇ ಹೋಗಬಹುದು. ಊರಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಮನೆಯ ಒಳಗೆ ನೋಡಿ. ಆ ಕಂಪನಿಯ ಸಿಮ್ ಇರುವ ನೆಂಟರನ್ನು ಮನೆಗೆ ಕರೆದು, ಅಡಿಗೆಮನೆಯಿಂದ ಒಂದು ಕಾಲ್ ಮಾಡಿಸಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಹತ್ತಿರದ ಟವರ್ ಎಷ್ಟು ಹೊತ್ತು ಬದುಕಿರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ. ಕಂಪನಿಗಳ ವೆಬ್‌ಸೈಟ್‌ನಲ್ಲಿ ಕವರೇಜ್ ನಕ್ಷೆ ಇರುತ್ತದೆ, ಅದನ್ನೂ ನೋಡಿ. ಆದರೆ ನನ್ನ ನಂಬಿಕೆ ಪಕ್ಕದ ಮನೆಯವರ ಮೇಲೆಯೇ ಜಾಸ್ತಿ.

ಇಬ್ಬರಿಗೆ ಇಲ್ಲಿ ಬೇರೆ ಸಲಹೆ ಬೇಕು.

ಗಡಿಯ ಆಚೆ ಈಚೆ ಇರುವವರು. ಮಂಜೇಶ್ವರ, ಕಾಸರಗೋಡಿನಲ್ಲಿ ತೆಗೆದ ನಂಬರ್ ಕೇರಳ ಸರ್ಕಲ್‌ಗೆ (ಮೊಬೈಲ್ ಸೇವೆಯ ವಲಯಕ್ಕೆ) ಸೇರಿದ್ದು. ಮಂಗಳೂರಿನಲ್ಲಿ ಪೋರ್ಟ್ ಮಾಡಿಸಿದರೆ ಅದು ಕರ್ನಾಟಕ ಸರ್ಕಲ್‌ಗೆ ಬರುತ್ತದೆ. ಇದು ಆಗುವ ಕೆಲಸವೇ, 2015ರ ಜುಲೈಯಿಂದ ದೇಶವಿಡೀ ಈ ಸೌಲಭ್ಯ ಇದೆ. ಆದರೆ ದಿನ ಜಾಸ್ತಿ ಹಿಡಿಯುತ್ತದೆ. ಕರ್ನಾಟಕದ ನಂಬರನ್ನು ಮುಂಬೈಯಲ್ಲಿ ಪೋರ್ಟ್ ಮಾಡಿಸುವವರಿಗೂ ಇದೇ ಲೆಕ್ಕ.

ಗಲ್ಫ್‌ನಲ್ಲಿ ಇರುವವರು. ಬ್ಯಾಂಕ್ ಒಟಿಪಿಗೆಂದು ಊರಿನ ನಂಬರ್ ಉಳಿಸಿಕೊಂಡಿರುತ್ತೀರಿ. ಅಲ್ಲಿಂದ ಈ ಕೆಲಸ ಶುರು ಮಾಡಬೇಡಿ. ಕೆವೈಸಿ ಫೋಟೋಗೆ ನೀವೇ ಬೇಕು, ಹೊಸ ಸಿಮ್ ಇಲ್ಲಿನ ನೆಟ್‌ವರ್ಕ್‌ನಲ್ಲೇ ಚಾಲೂ ಆಗಬೇಕು. ರಜೆಗೆ ಬಂದಾಗ, ಬಂದ ಮೊದಲ ವಾರದಲ್ಲೇ ಶುರು ಮಾಡಿ. ಪ್ರಿಪೇಯ್ಡ್‌ಗೆ ಬದಲಾಯಿಸುವುದಾದರೆ ರೀಚಾರ್ಜ್ ತಪ್ಪಿಸಬೇಡಿ. ಸತತ 90 ದಿನ ಬಳಕೆಯೇ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ಹಿಂತೆಗೆದುಕೊಳ್ಳಬಹುದು.

## ಹಂತ 4: ಬಿಲ್ ಪೂರ್ತಿ ಕಟ್ಟಿ

ಪೋರ್ಟ್ ಕೋರಿಕೆ ತಿರಸ್ಕಾರ ಆಗುವುದಕ್ಕೆ ಸಾಮಾನ್ಯ ಕಾರಣ ಇದೇ. ಮಗಳು ತನ್ನ ಪಾಲು ಅಪ್ಪನಿಗೆ ಕೊಟ್ಟಿರುತ್ತಾಳೆ. ಆದರೆ ಕಂಪನಿಗೆ "ಮಗಳ ಪಾಲು" ಎಂಬುದಿಲ್ಲ, ಇರುವುದು ಒಂದೇ ಬಿಲ್. ಅಪ್ಪನ ಬಿಲ್ಲಿನ ಗಡುವು ದಾಟಿ ಬಾಕಿ ಉಳಿದಿದ್ದರೆ ಮಗಳ ನಂಬರ್ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಬಿಲ್ ಬಂದ ಕೂಡಲೇ ಪೂರ್ತಿ ಮೊತ್ತ ಕಟ್ಟಿ. ಆ್ಯಪ್‌ನಲ್ಲಿ ಬಾಕಿ ಸೊನ್ನೆ ಎಂದು ತೋರಿಸುವ ತನಕ ಕಾಯಿರಿ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲಸ ಶುರು ಮಾಡಲು ಒಳ್ಳೆಯ ಸಮಯ ಎಂದರೆ ಬಿಲ್ ಬಂದು, ಹಣ ಕಟ್ಟಿದ ಮರುದಿನದಿಂದ ಮೊದಲ ಒಂದು ವಾರ. ತಿಂಗಳ ಕೊನೆಗೆ ಹೋದರೆ ಪೋರ್ಟ್ ಮುಗಿಯುವ ಮೊದಲೇ ಇನ್ನೊಂದು ಬಿಲ್ ಬಂದು ಗಡಿಬಿಡಿ ಆಗುತ್ತದೆ.

ವಿವಾದದ ಬಿಲ್ ಇದ್ದರೆ, ಅಂದರೆ ರೋಮಿಂಗ್ ಹಣ ತಪ್ಪಾಗಿ ಹಾಕಿದ್ದಾರೆ ಅನ್ನುವಂಥದ್ದು, ಅದನ್ನು ಮೊದಲು ಬಗೆಹರಿಸಿಕೊಳ್ಳಿ. ಸಿಟ್ಟಿನಲ್ಲಿ ಪೋರ್ಟ್ ಮಾಡಿ ಬಿಡುವುದು ಉಪಾಯವಲ್ಲ.

## ಹಂತ 5: ಹೆಸರು ಬದಲಾಯಿಸಿ

ನಂಬರ್ ಬಳಸುವವರ ಹೆಸರಿನಲ್ಲೇ ಇದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ಅಪ್ಪನ ಹೆಸರಿನಲ್ಲಿದ್ದರೆ ಇಬ್ಬರೂ ಒಟ್ಟಿಗೆ ಕಂಪನಿಯ ಸ್ಟೋರ್‌ಗೆ ಹೋಗಿ, ಮಾಲೀಕತ್ವ ವರ್ಗಾವಣೆ ಬೇಕು ಎಂದು ಕೇಳಿ. ಕುಟುಂಬದವರ ನಡುವೆ ಇದಕ್ಕೆ ಅವಕಾಶ ಇದೆ. ಸಂಬಂಧ ತೋರಿಸುವ ದಾಖಲೆ ಕೇಳುತ್ತಾರೆ. ಮದುವೆಯಾದ ಮೇಲೆ ಹೆಸರೋ ವಿಳಾಸವೋ ಬದಲಾಗಿದ್ದರೆ ಮದುವೆ ನೋಂದಣಿ ಪತ್ರವೂ ಜೊತೆಗಿರಲಿ. ನಮ್ಮ ಕಡೆ ಒಬ್ಬರ ಹೆಸರೇ ಮೂರು ದಾಖಲೆಯಲ್ಲಿ ಮೂರು ಥರ ಇರುತ್ತದೆ. ಒಂದರಲ್ಲಿ ಮನೆತನದ ಹೆಸರು, ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಎರಡೂ ಇಲ್ಲ. ಆಧಾರ್‌ನಲ್ಲಿ ಇರುವಂತೆಯೇ ಅರ್ಜಿಯಲ್ಲಿ ಬರಲಿ.

ಪ್ಲಾನ್ ಮಾಲೀಕರು ತೀರಿಕೊಂಡಿದ್ದರೆ ಈ ಹಂತ ತಪ್ಪಿಸಲೇಬೇಡಿ. ಮರಣ ಪ್ರಮಾಣಪತ್ರ, ವಾರಸುದಾರರು ಎಂಬುದಕ್ಕೆ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸಿದ್ಧವಿರಲಿ. ತೀರಿಕೊಂಡವರ ಹೆಸರಿನಲ್ಲೇ ಬಿಲ್ ಕಟ್ಟುತ್ತಾ ವರ್ಷಗಟ್ಟಲೆ ನಡೆಸುವ ಮನೆಗಳಿವೆ. ಆ ನಂಬರ್‌ಗೇ ಬ್ಯಾಂಕ್ ಖಾತೆ ಜೋಡಿಸಿರುತ್ತಾರೆ. ಸಿಮ್ ಹಾಳಾದ ದಿನ ಹೊಸ ಸಿಮ್ ಕೊಡಲು ಮಾಲೀಕರೇ ಬರಬೇಕು ಎನ್ನುತ್ತಾರೆ. ಆಗ ದಾರಿ ಇರುವುದಿಲ್ಲ. ಪೋರ್ಟ್ ಮಾಡದಿದ್ದರೂ ಪರವಾಗಿಲ್ಲ, ಹೆಸರು ಮಾತ್ರ ಬದಲಾಯಿಸಿಕೊಳ್ಳಿ.

ಇಲ್ಲಿ ಆಗುವ ತಪ್ಪುಗಳು:

ಹೆಸರು ವರ್ಗಾವಣೆಗೆ ಅರ್ಜಿ ಕೊಟ್ಟು, ಅದೇ ಸಂಜೆ ಪೋರ್ಟ್ ಮೆಸೇಜ್ ಕಳಿಸುವುದು. ವರ್ಗಾವಣೆ ಬಾಕಿ ಇರುವಾಗ ಪೋರ್ಟ್ ಸಿಗುವುದಿಲ್ಲ, ಇದು ನಿಯಮ. ಮೊದಲನೆಯದು ಮುಗಿದ ಮೆಸೇಜ್ ಬರಲಿ.

ವರ್ಗಾವಣೆಯಲ್ಲಿ ಹೊಸ ಸಿಮ್ ಕೊಟ್ಟರೆ ಇನ್ನೂ ಎರಡು ಕಾಯುವಿಕೆ ಇದೆ. ಸಿಮ್ ಬದಲಾದ ಮೇಲೆ 24 ಗಂಟೆ ಮೆಸೇಜ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ಏರ್ಪಾಡು ಅದು. ಎರಡನೆಯದು, 2024ರ ಜುಲೈ 1ರಿಂದ ಬಂದ ನಿಯಮ: ಸಿಮ್ ಬದಲಾಯಿಸಿದ ದಿನದಿಂದ 7 ದಿನ ಪೋರ್ಟ್ ಕೋಡ್ ಸಿಗುವುದಿಲ್ಲ. "ಹಳೆ ಸಿಮ್ ಸರಿ ಇಲ್ಲ, ಮೊದಲು ಅದನ್ನು ಬದಲಾಯಿಸಿ ಆಮೇಲೆ ಪೋರ್ಟ್ ಮಾಡೋಣ" ಎಂದು ಹೊರಡುವವರು ಈ ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ.

## ಹಂತ 6: ಅದೇ ಕಂಪನಿಯಲ್ಲಿ ಬೇರೆ ಮಾಡುವುದಾದರೆ

ಹೆಸರು ವರ್ಗಾವಣೆ ಆದರೆ ನಂಬರ್ ಸಾಮಾನ್ಯವಾಗಿ ಹೊಸ ಖಾತೆಗೇ ಹೋಗುತ್ತದೆ, ಆಗ ಅರ್ಧ ಕೆಲಸ ಮುಗಿದ ಹಾಗೆ. ಹೆಸರು ಮೊದಲೇ ಸರಿಯಿದ್ದರೆ ಫ್ಯಾಮಿಲಿ ಖಾತೆಯಿಂದ ಬೇರ್ಪಡಿಸಲು ಕೇಳಬೇಕು.

ಕೇಳುವ ರೀತಿ ಇಲ್ಲಿ ಬಹಳ ಮುಖ್ಯ. "ತೆಗೆದುಬಿಡಿ", "ಕ್ಯಾನ್ಸಲ್ ಮಾಡಿ", "ಸರೆಂಡರ್" ಎನ್ನಬೇಡಿ. "ನಂಬರ್ ಚಾಲೂ ಇರಬೇಕು, ಫ್ಯಾಮಿಲಿಯಿಂದ ಡಿಲಿಂಕ್ ಮಾಡಿ, ಈ ಹೊಸ ಪ್ಲಾನ್‌ಗೆ ಹಾಕಿ" ಎಂದು ಹೇಳಿ. ಹೊಸ ಪ್ಲಾನ್‌ನ ಹೆಸರು ಮೊದಲೇ ಆಯ್ದಿಟ್ಟುಕೊಂಡು ಹೋಗಿ. ಕೌಂಟರ್‌ನಲ್ಲಿ ಇರುವವರು ತುಳುವಿನಲ್ಲಿ ಮಾತಾಡಿ ಎಲ್ಲ ಅರ್ಥವಾಯಿತು ಎಂದರೂ, ಅರ್ಜಿಯಲ್ಲಿ ಏನು ಟಿಕ್ ಆಗಿದೆ ಎಂದು ನೀವೇ ಓದಿ. ಡಿಸ್‌ಕನೆಕ್ಷನ್, ಟರ್ಮಿನೇಷನ್ ಎಂಬ ಪದ ಕಂಡರೆ ಸಹಿ ಹಾಕಬೇಡಿ, ಒಟಿಪಿ ಹೇಳಬೇಡಿ. ಒಟಿಪಿ ಮೆಸೇಜನ್ನು ಕೊನೆಯ ತನಕ ಓದಿ. ಯಾವ ಕೆಲಸಕ್ಕೆ ಈ ಒಟಿಪಿ ಎಂದು ಅದರಲ್ಲೇ ಬರೆದಿರುತ್ತದೆ.

ಪೋಸ್ಟ್‌ಪೇಯ್ಡ್‌ನಿಂದ ಪ್ರಿಪೇಯ್ಡ್‌ಗೆ ಹೋಗುವುದು ಈಗ ಒಟಿಪಿ ಮೂಲಕ ಆ್ಯಪ್‌ನಲ್ಲೇ ಆಗುತ್ತದೆ. ಆದರೆ ಹೋದ ಕೂಡಲೇ ವಾಪಸ್ ಬರಲು ಆಗುವುದಿಲ್ಲ, ಕಾಯುವ ಅವಧಿ ಇದೆ. ಯೋಚಿಸಿ ಒತ್ತಿ.

## ಹಂತ 7: ಬೇರೆ ಕಂಪನಿಗೆ ಪೋರ್ಟ್ ಮಾಡುವುದಾದರೆ

ಒಂದು ಷರತ್ತು ಮೊದಲೇ ನೋಡಿ: ಈಗಿನ ಕಂಪನಿಯಲ್ಲಿ ಆ ನಂಬರ್ ಕನಿಷ್ಠ 90 ದಿನ ಇದ್ದಿರಬೇಕು.

ಆಮೇಲೆ ಹೊರಗೆ ಹೋಗಬೇಕಾದ ನಂಬರ್‌ನಿಂದಲೇ 1900ಕ್ಕೆ ಮೆಸೇಜ್ ಕಳಿಸಿ. ಅಪ್ಪನ ಫೋನಿನಿಂದ ಕಳಿಸಿದರೆ ನಡೆಯುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, 10 ಅಂಕಿಯ ನಂಬರ್. ಮುಂದೆ 91 ಹಾಕಬೇಡಿ, ಸೊನ್ನೆ ಹಾಕಬೇಡಿ. ಎರಡು ಸಿಮ್ ಇರುವ ಫೋನಿನಲ್ಲಿ ಯಾವ ಸಿಮ್‌ನಿಂದ ಹೋಗುತ್ತಿದೆ ಎಂದು ನೋಡಿಯೇ ಕಳಿಸಿ.

1901ರಿಂದ ಉತ್ತರ ಬರುತ್ತದೆ. ಎಲ್ಲ ಸರಿ ಇದ್ದರೆ 8 ಅಕ್ಷರಗಳ ಯುಪಿಸಿ ಕೋಡ್, ಅಂದರೆ ಪೋರ್ಟ್ ಕೋಡ್, ಸಿಗುತ್ತದೆ. ಇಲ್ಲದಿದ್ದರೆ ಕಾರಣ ಬರುತ್ತದೆ. ಆ ಕಾರಣ ಓದದೆ ಮತ್ತೆ ಮತ್ತೆ ಮೆಸೇಜ್ ಕಳಿಸಿ ಪ್ರಯೋಜನವಿಲ್ಲ ಮಾರಾಯ್ರೆ. ಬಾಕಿ ಎಂದಿದ್ದರೆ ಹಂತ 4ಕ್ಕೆ, ಮಾಲೀಕತ್ವ ಎಂದಿದ್ದರೆ ಹಂತ 5ಕ್ಕೆ ವಾಪಸ್ ಹೋಗಿ.

ಕೋಡ್‌ನ ಆಯುಷ್ಯ 4 ದಿನ. ಆದ್ದರಿಂದ ಹೊಸ ಕಂಪನಿಯ ಸ್ಟೋರ್‌ಗೆ ಹೋಗುವ ದಿನ ಗೊತ್ತಾದ ಮೇಲೆಯೇ ಕೋಡ್ ತರಿಸಿ. ಅಲ್ಲಿ ಕೋಡ್ ಮತ್ತು ಆಧಾರ್ ಕೊಟ್ಟು, ಕೆವೈಸಿ ಮುಗಿಸಿ, ಹೊಸ ಸಿಮ್ ತೆಗೆದುಕೊಳ್ಳಿ. ಕರ್ನಾಟಕದ ಒಳಗೆ 3 ಕೆಲಸದ ದಿನ, ಬೇರೆ ಸರ್ಕಲ್‌ನಿಂದ 5 ಕೆಲಸದ ದಿನ. ನಡುವೆ ಬರುವ ಭಾನುವಾರ, ಹಬ್ಬದ ರಜೆಗಳನ್ನು ಇದರ ಮೇಲೆ ಸೇರಿಸಿ ಲೆಕ್ಕ ಹಾಕಿ. ಪೋರ್ಟ್ ವಹಿವಾಟಿಗೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಗದಿ ಮಾಡಿದ ಶುಲ್ಕ 6.46 ರೂಪಾಯಿ. ಯಾರಾದರೂ ಪೋರ್ಟ್ ಶುಲ್ಕವೆಂದು ನೂರಾರು ರೂಪಾಯಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮನಸ್ಸು ಬದಲಾದರೆ ಕೋರಿಕೆ ಕೊಟ್ಟ 24 ಗಂಟೆಯೊಳಗೆ, ಇಂಗ್ಲಿಷ್‌ನಲ್ಲಿ ಕ್ಯಾನ್ಸಲ್ ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳಿಸಬಹುದು.

ಅಪಾಯದ ಸೂಚನೆ: ಈ ದಿನಗಳಲ್ಲಿ ಹಳೆ ಕಂಪನಿಯವರು ಫೋನ್ ಮಾಡಿ ಆಫರ್ ಹೇಳಬಹುದು. ಅದು ಸಹಜ. ಆದರೆ ಫೋನಿನಲ್ಲಿ ಯುಪಿಸಿ ಕೋಡ್ ಕೇಳಿದರೆ ಕೂಡಲೇ ಫೋನ್ ಇಟ್ಟುಬಿಡಿ. ಆ ಕೋಡ್ ಸಿಕ್ಕವರು ನಿಮ್ಮ ನಂಬರನ್ನೇ ತಮ್ಮ ಸಿಮ್‌ಗೆ ಎಳೆದುಕೊಳ್ಳಲು ನೋಡುತ್ತಾರೆ. ನೀವು ಕೇಳದೇ ಯುಪಿಸಿ ಬಂದರೆ, ಹೇಳಿದ ದಿನಕ್ಕಿಂತ ಮೊದಲೇ ಸಿಗ್ನಲ್ ಪೂರ್ತಿ ಹೋದರೆ, ತಡ ಮಾಡದೆ ಕಂಪನಿಗೆ ಫೋನ್ ಮಾಡಿ. ಬ್ಯಾಂಕ್‌ನಲ್ಲಿ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

## ಹಂತ 8: ಸಿಮ್ ಬದಲಾಗುವ ದಿನ

ಪೋರ್ಟ್ ಆಗುವ ದಿನ, ಹೊತ್ತು ಮೆಸೇಜ್‌ನಲ್ಲಿ ಬರುತ್ತದೆ. ಹಳೆ ಸಿಮ್‌ನಲ್ಲಿ ಸಿಗ್ನಲ್ ಹೋದ ಮೇಲೆಯೇ ಹೊಸದನ್ನು ಹಾಕಿ. ಮಧ್ಯೆ ಕೆಲವು ಗಂಟೆ ಎರಡೂ ಸತ್ತಂತಿರುತ್ತವೆ, ಗಾಬರಿ ಬೇಡ. ಹಳೆ ಸಿಮ್‌ನಲ್ಲಿ ಉಳಿಸಿದ ಹೆಸರು, ನಂಬರ್‌ಗಳನ್ನು ಹಿಂದಿನ ದಿನವೇ ಫೋನಿಗೆ ಇಳಿಸಿಕೊಳ್ಳಿ. ಹಳೆ ಬಿಲ್‌ಗಳನ್ನೂ ಡೌನ್‌ಲೋಡ್ ಮಾಡಿ, ಆಮೇಲೆ ಆ ಆ್ಯಪ್ ಒಳಗೆ ಬಿಡದೇ ಇರಬಹುದು.

ಆ ದಿನ ಮತ್ತು ಮರುದಿನ ಒಟಿಪಿ ಬೇಕಾಗುವ ಕೆಲಸ ಇಟ್ಟುಕೊಳ್ಳಬೇಡಿ. ಕಾಲೇಜು ಫೀಸು, ಬೆಂಗಳೂರಿನ ರಾತ್ರಿ ಬಸ್ಸಿನ ಟಿಕೆಟ್, ಆಸ್ಪತ್ರೆ ಬಿಲ್ ಎಲ್ಲ ಮೊದಲೇ ಮುಗಿಸಿ. ಕೈಯಲ್ಲಿ ಸ್ವಲ್ಪ ನಗದು ಇರಲಿ.

## ಹಂತ 9: ಯುಪಿಐ ಮತ್ತೆ ಜೋಡಿಸಿ

ನಂಬರ್ ಬದಲಾಗಿಲ್ಲ, ಹಾಗಾಗಿ ಆಧಾರ್‌ನಲ್ಲಿ, ಬ್ಯಾಂಕ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ. ವಾಟ್ಸ್‌ಆ್ಯಪ್ ಕೂಡ ಹಾಗೇ ನಡೆಯುತ್ತದೆ. ಆದರೆ ಯುಪಿಐ ಆ್ಯಪ್‌ಗಳು ಸಿಮ್ ಬದಲಾದದ್ದನ್ನು ಗುರುತಿಸುತ್ತವೆ. ಹೊಸ ಸಿಮ್‌ನಿಂದ ಮೆಸೇಜ್ ಕಳಿಸಿ ಮತ್ತೆ ನೋಂದಾಯಿಸಬೇಕು. ಸಿಮ್‌ನಲ್ಲಿ ಮೆಸೇಜ್ ಹೋಗುತ್ತದಾ ಎಂದು ಮೊದಲು ಒಬ್ಬರಿಗೆ ಕಳಿಸಿ ನೋಡಿ, ಆಮೇಲೆ ಆ್ಯಪ್ ತೆರೆಯಿರಿ. ಪದೇ ಪದೇ ಪ್ರಯತ್ನಿಸಿ ಲಾಕ್ ಮಾಡಿಕೊಳ್ಳಬೇಡಿ. ಮರುಜೋಡಣೆ ಆದ ಮೊದಲ ದಿನ ಬ್ಯಾಂಕ್‌ಗಳು ಕಳಿಸುವ ಮೊತ್ತಕ್ಕೆ ಮಿತಿ ಹಾಕುವುದುಂಟು.

## ಹಂತ 10: ಹಿಂದೆ ಉಳಿದವರ ಬಿಲ್ ನೋಡಿ

ಈ ಹಂತವನ್ನು ಹೊರಗೆ ಹೋದವರೂ ಮರೆಯುತ್ತಾರೆ, ಮನೆಯಲ್ಲಿ ಉಳಿದವರೂ ಮರೆಯುತ್ತಾರೆ. ಹಣ ಸೋರುವುದು ಇಲ್ಲೇ.

ನಾಲ್ಕು ನಂಬರ್‌ಗೆ ಇಷ್ಟು ಎಂದು ಒಟ್ಟು ದರ ಇರುವ ಪ್ಲಾನ್ ಆದರೆ, ಒಂದು ನಂಬರ್ ಹೋದ ಮಾತ್ರಕ್ಕೆ ಬಿಲ್ ಇಳಿಯುವುದಿಲ್ಲ. ಮೂರು ಜನ ನಾಲ್ಕು ಜನರ ಹಣ ಕಟ್ಟುತ್ತಾ ಇರುತ್ತಾರೆ. ಮುಖ್ಯ ನಂಬರ್‌ನವರು ಬೇರೆಯಾಗಿ ಕೇಳಿ ಸಣ್ಣ ಪ್ಲಾನ್‌ಗೆ ಇಳಿಯಬೇಕು. ಪ್ರತಿ ಹೆಚ್ಚುವರಿ ನಂಬರ್‌ಗೆ ಬೇರೆ ದರ ಇರುವ ಪ್ಲಾನ್‌ನಲ್ಲಿ, ಆ ಸಾಲು ಮುಂದಿನ ಬಿಲ್‌ನಿಂದ ಮಾಯವಾಗಿದೆಯೇ ನೋಡಿ. ಒಂದು ಬಿಲ್ ಸಾಲದು, ಎರಡು ಬಿಲ್ ನೋಡಿ. ಮೊದಲನೆಯದರಲ್ಲಿ ಅರ್ಧ ತಿಂಗಳ ಲೆಕ್ಕ ಬರುವುದು ಸಾಮಾನ್ಯ. ಬಿಲ್ ಆಟೋಪೇಗೆ ಹಾಕಿದ್ದರೆ ಯಾರೂ ತೆರೆದು ನೋಡುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಪೋರ್ಟ್ ಆದ ನಂಬರ್‌ಗೆ ಹಳೆ ಕಂಪನಿಯ ಕೊನೆಯ ಬಿಲ್ ಬಂದೇ ಬರುತ್ತದೆ. ಅದನ್ನು ಕಟ್ಟಿ. "ಈಗ ಆ ಕಂಪನಿಯಲ್ಲೇ ಇಲ್ಲ, ಏನು ಮಾಡುತ್ತಾರೆ?" ಎಂದುಕೊಳ್ಳಬೇಡಿ. ಬಾಕಿ ಕಟ್ಟದಿದ್ದರೆ ಹಳೆ ಕಂಪನಿ ಕೇಳಿಕೊಂಡ ಮೇಲೆ ಹೊಸ ಕಂಪನಿಯೇ ನಿಮ್ಮ ನಂಬರ್ ನಿಲ್ಲಿಸಬಹುದು. ಆ ಬಿಲ್ ಅಪ್ಪನ ಇಮೇಲ್‌ಗೆ ಹೋಗಿ ಬಿದ್ದಿರುತ್ತದೆ, ಮಗಳಿಗೆ ಗೊತ್ತೇ ಇರುವುದಿಲ್ಲ. ಮನೆಯಲ್ಲಿ ಕೇಳಿ ನೋಡಿ.

## ಹಂತ 11: ಕೆಲಸ ನಿಂತುಹೋದರೆ

ಕಂಪನಿಯ ದೂರು ಸಂಖ್ಯೆ 198ಕ್ಕೆ ಫೋನ್ ಮಾಡಿ. ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ನೋಂದಣಿ ಸಂಖ್ಯೆ, ಕೇಳಿ ಬರೆದಿಟ್ಟುಕೊಳ್ಳಿ. ಆ ನಂಬರ್ ಇಲ್ಲದ ದೂರು, ದೂರೇ ಅಲ್ಲ. ಸ್ಟೋರ್‌ನಲ್ಲಿ ಬಾಯಿಮಾತಿನಲ್ಲಿ "ನೋಡುತ್ತೇವೆ" ಎಂದರೆ ತೃಪ್ತಿಪಡಬೇಡಿ.

ಸರಿಯಾದ ಉತ್ತರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಿರಿ. ವಿಳಾಸ ಕಂಪನಿಯ ವೆಬ್‌ಸೈಟ್‌ನಲ್ಲಿ ಇರುತ್ತದೆ. ಇದಕ್ಕೆ ಶುಲ್ಕ ಇಲ್ಲ. ಎಷ್ಟೋ ಜನ ನೇರವಾಗಿ ಟ್ರಾಯ್‌ಗೆ ಬರೆದು ಕಾಯುತ್ತಾರೆ. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ಬಗೆಹರಿಸುವುದಿಲ್ಲ. ಅದರ ಬದಲು ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಯನ್ನು ಆಯ್ದು, ಡಾಕೆಟ್ ನಂಬರ್ ಸಮೇತ ದೂರು ಹಾಕಿ.

ನಂಬರೇ ಕಳೆದುಹೋಗಿ ನಷ್ಟ ಆಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಟೆಲಿಕಾಂ ಕಂಪನಿಗಳ ವಿರುದ್ಧ ಅಲ್ಲಿ ಹೋಗಲು ಬರುವುದಿಲ್ಲ ಎಂದು ಮೊದಲು ವಾದ ಇತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪದೆ, ಗ್ರಾಹಕರು ಹೋಗಬಹುದು ಎಂದಿದೆ. ಹಾಗೆ ಹೋಗುವಾಗ ಹಂತ 4ರ ಸ್ಕ್ರೀನ್‌ಶಾಟ್, 1901ರ ಮೆಸೇಜ್‌ಗಳು, ನೀವು ಸಹಿ ಹಾಕಿದ ಅರ್ಜಿಯ ಪ್ರತಿ, ಡಾಕೆಟ್ ನಂಬರ್ ಇಷ್ಟೂ ಜೊತೆಗಿರಲಿ. ಅವನ್ನು ಫೋನಿನಲ್ಲಿ ಮಾತ್ರ ಇಡಬೇಡಿ, ಒಂದು ಪ್ರಿಂಟ್ ತೆಗೆದು ಮನೆಯ ಫೈಲಿನಲ್ಲಿ ಹಾಕಿಡಿ.